ರುಚಿ ನೋಡಿದ್ದು

ನನ್ನ ಗಂಡನ ಎಡಗಾಲಿನ ಹೆಬ್ಬೆರಳ ಗಾಯ ತಿಂಗಳಾದರೂ ಮಾಯ್ದಿರಲಿಲ್ಲ. ಶುಕ್ರವಾರದೊಳಗೆ ಸಕ್ಕರೆ ಇಳಿದು ಗಾಯ ಒಣಗುವ ಲಕ್ಷಣ ಕಾಣದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಬೇಕರಿಯಲ್ಲಿ ದಿನವಿಡೀ ನಿಂತೇ ದುಡಿಯುವ ಮನುಷ್ಯ. ನಾನು ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಅವರು ಮಾತ್ರ ಸಿಳ್ಳೆ ಹಾಕುತ್ತಾ ಹಿಟ್ಟು ನಾದುತ್ತಿದ್ದರು.

ಆಸ್ಪತ್ರೆಯ ಮಧುಮೇಹದ ಕ್ಲಾಸಿನಲ್ಲಿ ಸಿಸ್ಟರ್ ಒಂದು ನೋಟ್‌ಬುಕ್ ಕೊಟ್ಟಿದ್ದರು. ತಿಂದಿದ್ದನ್ನೆಲ್ಲ ಬರೆಯಬೇಕು, ದಿನಕ್ಕೆ ಮೂರು ಸಲ ಬೆರಳು ಚುಚ್ಚಿ ಸಕ್ಕರೆಯನ್ನೂ ಬರೆಯಬೇಕು. ನನ್ನವರು ಅರ್ಧ ಸೇಬನ್ನೂ ಬಿಡದೆ ಬರೆದಿದ್ದರು. ಸಿಸ್ಟರ್ ಪುಟ ತಿರುವಿ ತಿರುವಿ ನೋಡಿ, ಕೊನೆಗೆ ನನ್ನ ಕಡೆ ನೋಡಿದರು.

"ಮನೇಲಿ ಸಿಹಿ ಏನಾದ್ರೂ ಮಾಡ್ತೀರೇನಮ್ಮ?"

ಮೈಯೆಲ್ಲ ಉರಿದುಹೋಯಿತು. ಇವರ ಜೊತೆ ನಾನೂ ಸಕ್ಕರೆ ಬಿಟ್ಟು ಐದು ತಿಂಗಳಾಗಿತ್ತು!

ಅದೇ ಸಿಟ್ಟಿನಲ್ಲಿ ಮನೆಗೆ ಬಂದು ನೋಟ್‌ಬುಕ್ ಹಿಡಿದು ಕೂತೆ. ಬೆಳಗ್ಗೆ ಆರಕ್ಕೆ ನೂರ ನಲವತ್ತು. ಹನ್ನೊಂದಕ್ಕೆ ಮುನ್ನೂರು. ದಿನವೂ ಹಾಗೇ. ನಡುವೆ ಬರೆದಿದ್ದು ಒಂದು ಮೊಟ್ಟೆ, ಒಂದು ತುಂಡು ಬ್ರೆಡ್ಡು.

"ಆರರಿಂದ ಹನ್ನೊಂದರ ಮಧ್ಯೆ ಇನ್ನೇನು ತಿಂತೀರಿ?"

"ನಿನ್ನಾಣೆಗೂ ಏನೂ ಇಲ್ಲ ಕಣೇ."

"ಆಣೆ ಇಟ್ಟು ನನ್ನನ್ನೂ ಸಾಯಿಸ್ಬೇಡಿ" ಎಂದೆ.

ಮರುದಿನ ಅವರ ಹಿಂದೆಯೇ ಬೇಕರಿಗೆ ಹೋಗಿ ಹಿಟ್ಟಿನ ಮೂಟೆಯ ಮೇಲೆ ಕೂತೆ. "ಬಂದ್ಲಪ್ಪ ಪತ್ತೇದಾರಿ" ಎಂದು ನಕ್ಕು ಅವರು ಕೆಲಸಕ್ಕಿಳಿದರು. ಕ್ರೀಮು ಕಡೆದರು. ಒಂದು ಚಮಚ ನಾಲಿಗೆಗಿಟ್ಟು, ಕಣ್ಣು ಮುಚ್ಚಿ, ತಲೆಯಾಡಿಸಿ ಮುಂದಿನ ಬೋಗುಣಿಗೆ ಹೋದರು. ಜಾಮು, ಚಾಕಲೇಟು, ಸಕ್ಕರೆ ಪಾಕ. ಕೇಕಿನ ಅಂಚು ಕತ್ತರಿಸಿದಾಗ ಅದರದ್ದೊಂದು ಚೂರು. ಅವರು ಏನನ್ನು ಬಾಯಿಗಿಟ್ಟರೂ ನಾನು ಅದರಲ್ಲಿ ಅಷ್ಟನ್ನೇ ತೆಗೆದು ಒಂದು ಬಟ್ಟಲಿಗೆ ಹಾಕುತ್ತಾ ಹೋದೆ. ಹನ್ನೊಂದಕ್ಕೆ ಬಟ್ಟಲು ತುಂಬಿತು.

"ಇದೇನೇ ಇದು, ಕಲಸುಮೇಲೋಗರ?"

"ಇವತ್ತು ನೀವು ತಿಂದಿದ್ದು."

"ತಿಂದಿದ್ದಾ? ರುಚಿ ನೋಡಿದ್ದು!"

ತಮಾಷೆಗೆ ಹೇಳಲಿಲ್ಲ ಅವರು. ಮೂವತ್ತು ವರ್ಷದಿಂದ ಆ ಕೋಣೆಯಲ್ಲಿ ಅವರು ಏನನ್ನೂ ತಿಂದೇ ಇರಲಿಲ್ಲ, ಬರೀ ರುಚಿ ನೋಡಿದ್ದರು. ನೋಟ್‌ಬುಕ್ಕಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಬೈಯೋಣವೆಂದು ಬಾಯಿ ತೆರೆದರೆ ಅಳು ಬಂತು.

ಅವರು ಬಟ್ಟಲನ್ನು ನೋಡಿದರು. ಆಮೇಲೆ ಕಾಲಿನ ಪಟ್ಟಿಯನ್ನು ನೋಡಿದರು. ಸಿಳ್ಳೆ ನಿಂತಿತು.

"ರುಚಿ ನೋಡ್ದೆ ಕೆಲಸ ಹೆಂಗೇ ಮಾಡ್ಲಿ?"

ಆ ನಾಲಿಗೆಯನ್ನು ನಂಬಿಯೇ ಗಿರಾಕಿಗಳು ಬರುತ್ತಿದ್ದರು. ನಾನು ಮಾಡಿದ ಅಡುಗೆಗೆ ಉಪ್ಪು ಸರಿಯಾಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುವವರೂ ಅವರೇ. ನನ್ನ ನಾಲಿಗೆಯನ್ನು ಒಂದು ದಿನವೂ ಲೆಕ್ಕಕ್ಕೆ ತೆಗೆದುಕೊಂಡವರಲ್ಲ.

ಮುಂದಿನ ಬೋಗುಣಿಯ ಕ್ರೀಮು ಸಿದ್ಧವಾಗಿತ್ತು. ಅವರು ಚಮಚ ಅದ್ದಿದರು, ಬಾಯಿಯವರೆಗೆ ತಂದರು, ಹಾಗೇ ನನ್ನತ್ತ ಚಾಚಿದರು. "ನೀನೇ ನೋಡು."

ನೋಡಿದೆ. ಐದು ತಿಂಗಳ ನಂತರದ ಸಕ್ಕರೆ, ತಲೆ ಗಿರ್ರೆಂದಿತು. "ಸಿಹಿ ಜಾಸ್ತಿ ಆಯ್ತು ರೀ."

"ಜಾಸ್ತಿನಾ? ದಿನಾ ಹಾಕೋವಷ್ಟೇ ಹಾಕಿದೀನಿ!"

ಅವರ ಮುಖ ಕೆಂಪೇರಿತು. ಕೈ ಮತ್ತೆ ಚಮಚದ ಕಡೆ ಬಂತು. ಆ ಕೈಯನ್ನು ಹಿಂದಕ್ಕೆಳೆದು, ಬೆನ್ನ ಹಿಂದೆ ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದುಕೊಂಡರು.

"ಎಷ್ಟು ಜಾಸ್ತಿ? ಬೇಗ ಹೇಳೇ" ಎಂದರು.