ಎರಡು ಬೆರಳು

ಮೂರನೇ ಸಲ ತಲೆಯಾಡಿಸಿದ ಮೇಲೆ ಅವನಿಗೆ ಗೊತ್ತಾಯಿತು, ಏನೂ ಕೇಳಿಸುತ್ತಿಲ್ಲವೆಂದು ಇನ್ನು ಹೇಳುವ ಹಾಗಿಲ್ಲ.

ಫೋನಿನ ತೆರೆಯಲ್ಲಿ ಡಾಕ್ಟರಮ್ಮನ ಬಾಯಿ ಆಡುತ್ತಿತ್ತು. ಅವನ ಕಿವಿಗೆ ಸಿಕ್ಕಿಸಿದ್ದ ವೈರಿನಲ್ಲಿ ಚೂರೂ ಸದ್ದಿಲ್ಲ. ಮಂಚದ ಮೇಲೆ ಒರಗಿದ್ದ ಹೆಂಡತಿ, ಮಾತೆಲ್ಲ ಆ ವೈರಿನಲ್ಲೇ ಬರುತ್ತಿದೆಯೆಂದು ನಂಬಿದ್ದಳು.

ಕೇಳಬೇಕಾದದ್ದು ಒಂದೇ. ಕ್ಯಾನ್ಸರಿನ ಹಳದಿ ಮಾತ್ರೆ ಶುರುವಾದಾಗಿನಿಂದ ಅವಳ ಬಾಯಿತುಂಬ ಹುಣ್ಣು, ನೀರೂ ಇಳಿಯುತ್ತಿಲ್ಲ. ಮುಂದುವರಿಸಬೇಕೋ, ನಿಲ್ಲಿಸಬೇಕೋ? ಅವನು ಕೇಳಿದ್ದ. ಉತ್ತರ ಬರುತ್ತಿತ್ತು.

ಹೋದ ತಿಂಗಳು ಆಸ್ಪತ್ರೆಯ ನರ್ಸ್ ಕೇಳಿದ್ದಳು: "ಮೇಷ್ಟ್ರೇ, ವಿಡಿಯೋ ಕಾಲ್ ಮಾಡೋಕೆ ಬರತ್ತಾ? ಇಲ್ಲಾಂದ್ರೆ ಬಸ್ಸಲ್ಲೇ ಬಂದ್ಬಿಡಿ, ಸಂಕೋಚ ಬೇಡ."

"ಮೂವತ್ತೊಂದು ವರ್ಷ ಬೀಜಗಣಿತ ಪಾಠ ಮಾಡಿದೀನಮ್ಮ. ಒಂದು ಗುಂಡಿ ಒತ್ತಕ್ಕೆ ಬರಲ್ವಾ?"

ಅವಳು ನಕ್ಕು ಫಾರಂನಲ್ಲಿ ಟಿಕ್ ಹಾಕಿದ್ದಳು. ಬೀಜಗಣಿತಕ್ಕೂ ಗುಂಡಿಗೂ ಏನು ಸಂಬಂಧವೋ, ಅವನಿಗೆ ಅಂದೂ ಗೊತ್ತಿರಲಿಲ್ಲ.

ತೆರೆಯ ಕೆಳತುದಿಯಲ್ಲಿ ಐದು ಚಿತ್ರಗಳಿದ್ದವು. ಯಾವುದೋ ಒಂದು ಸದ್ದಿನದು. ಕೆಂಪಗಿರುವುದನ್ನು ಮುಟ್ಟಿದರೆ ಕರೆಯೇ ಕಡಿದುಹೋಗುತ್ತದೆ, ಅದೊಂದು ಗೊತ್ತಿತ್ತು. ಬೆರಳು ಮುಂದೆ ಹೋಗಿ ವಾಪಸು ಬಂತು.

ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದಳು. ಅಂಗೈಯನ್ನು ಅವನ ಮುಖಕ್ಕೆ ಅಡ್ಡ ಹಿಡಿದಳು. ಆಮೇಲೆ ಎರಡು ಬೆರಳು ತೋರಿಸಿ, ತಿಳಿಯಿತಾ ಎನ್ನುವಂತೆ ನೋಡಿದಳು.

ಅವನು ತಲೆಯಾಡಿಸಿದ. ಲೆಕ್ಕ ತಿಳಿಯದ ಹುಡುಗರು ಹೀಗೇ ಆಡಿಸುತ್ತಿದ್ದರು. ಅಂಥವರನ್ನು ಹುಡುಕಿ ಹುಡುಕಿ ಬಾರಿಸಿದ್ದ.

ಡಾಕ್ಟರಮ್ಮ ಮಾಯವಾದಳು; ತೆರೆಯ ತುಂಬ ಅವನದೇ ಮುಖ ಬಂತು. ಮತ್ತೆ ಕಾಣುವುದು ಹದಿನೈದು ದಿನಕ್ಕೆ.

"ಏನಂದ್ರು ರೀ?"

"ಹೇಳಿದ್ರು."

"ಅದೇ, ಏನಂತ?"

"ಎರಡು ಅಂದ್ರು."

"ಏನು ಎರಡು? ಎರಡು ದಿನ ನಿಲ್ಸೋದಾ? ಎರಡೆರಡು ತಗೊಳ್ಳೋದಾ?"

ನರ್ಸಿನ ನಂಬರು ಗೋಡೆಯ ಮೇಲೆ ಅಂಟಿಸಿತ್ತು. ಒಂದು ನಿಮಿಷದ ಮಾತು. ಅವಳು ನಗುತ್ತಾಳೆ. ನಗದಿದ್ದರೆ ಇನ್ನೂ ಕಷ್ಟ, ಪಾಪ ಅನ್ನುತ್ತಾಳೆ.

"ಎರಡೆರಡು," ಅಂದ.

"ಒಂದಕ್ಕೇ ಬಾಯಿ ಬೆಂದುಹೋಗಿದೆಯಲ್ರೀ. ಸರಿಯಾಗಿ ಕೇಳಿಸ್ಕೊಂಡ್ರಾ?"

"ನಾನೇನು ಕಿವುಡನಾ?"

"ಕೂಗ್ಬೇಡಿ. ಡಾಕ್ಟ್ರಿಗೆ ಕೇಳ್ಸತ್ತೆ."

ಅವಳು ಎರಡು ಮಾತ್ರೆ ಬಿಡಿಸಿ ಅಂಗೈಯಲ್ಲಿಟ್ಟುಕೊಂಡಳು. ಬಾಯಿಗೆ ಹಾಕಿಕೊಳ್ಳಲಿಲ್ಲ. ಇನ್ನೊಂದು ಕೈ ಚಾಚಿ ಅವನಿಂದ ಫೋನು ಕಿತ್ತುಕೊಂಡಳು. ವೈರು ಕಿವಿಯಿಂದ ಕಳಚಿ ಬಿತ್ತು.

"ನಾನೇ ಕೇಳ್ತೀನಿ. ಡಾಕ್ಟ್ರೇ..."

ಡಾಕ್ಟರಮ್ಮನಿದ್ದ ಜಾಗದಲ್ಲಿ ಈಗ ಒಂದು ದೊಡ್ಡ ಮುಖವಿತ್ತು. ಕೂದಲು ಉದುರಿದ ಮೇಲೆ ಅವಳು ಕನ್ನಡಿಯ ಹತ್ತಿರ ಹೋದವಳಲ್ಲ.

"ಇದ್ಯಾರ್ರೀ?" ಅಂದಳು.

ತೆರೆಯ ಮೇಲಿನ ಬೋಳುತಲೆಯ ಹೆಂಗಸು, ಎರಡು ಮಾತ್ರೆ ಹಿಡಿದು, ಉತ್ತರಕ್ಕೆ ಕಾಯುತ್ತಿದ್ದಳು. ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ.