ಹತ್ತನೆಯ ಗೂಡು

ಶೀತಲ್ ಕಾಣೆಯಾದದ್ದು ನನ್ನ ಮಾತಿನಿಂದ. ಬಿಸಿಲು ಕಾರಣ ಅಂದರು, ಹುಡುಗಿಯ ಹಟ ಕಾರಣ ಅಂದರು. ಅನ್ನಲಿ. ಅವತ್ತು ಬೆಳಿಗ್ಗೆ ಆ ಹದಿನಾಲ್ಕು ವರ್ಷದ ಹುಡುಗಿಯ ಮುಖಕ್ಕೆ ಹೊಡೆದ ಹಾಗೆ ಮಾತಾಡಿದವನು ನಾನು.

ಹೆಸರಘಟ್ಟದ ಹುಲ್ಲುಬಯಲಿನ ಅಂಚಿನಲ್ಲಿ ಏಪ್ರಿಲ್ ರಜೆಗೆ ಹತ್ತು ದಿನದ ಕ್ಯಾಂಪು. ‘ಗರಿಕೆ’ ಅಂತ ಹೆಸರು. ಬೆಳಿಗ್ಗೆ ವನ್ಯಜೀವಿ ರಕ್ಷಣೆ, ಸಂಜೆ ಹಗ್ಗ ಕಟ್ಟಿ ಬಂಡೆ ಇಳಿಯುವ ಸಾಹಸ, ಮಲಗಲು ಟೆಂಟು. ಯಲಹಂಕ, ಹೆಬ್ಬಾಳ, ಆರ್.ಟಿ. ನಗರದಿಂದ ಬಂದ ಇಪ್ಪತ್ತೆರಡು ಮಕ್ಕಳು. ಬಂದ ದಿನವೇ ಎಲ್ಲರ ಫೋನೂ ತಗಡಿನ ಟ್ರಂಕು ಸೇರಿ ಬೀಗ ಬಿತ್ತು. ತಪ್ಪಿಸಿಕೊಂಡರೆ ಊದಲಿ ಅಂತ ಕುತ್ತಿಗೆಗೊಂದು ಸೀಟಿ ಕೊಟ್ಟಿದ್ದರು. ಸುಫಿಯಾನ್ ಅನ್ನುವ ಆರ್.ಟಿ. ನಗರದ ಹುಡುಗ ಅದನ್ನು ಬಸ್ ಕಂಡಕ್ಟರನ ಹಾಗೆ ಊದಿ, “ಹೋಲ್ಡಾನ್, ಮೇಖ್ರಿ ಸರ್ಕಲ್ ಇಳೀರಿ” ಎಂದು ಎಲ್ಲರನ್ನೂ ನಗಿಸಿದ್ದಕ್ಕೆ ಎರಡನೇ ದಿನ ಸೀಟಿಗಳೂ ಟ್ರಂಕಿಗೆ ಹೋದವು.

ನಾನು ಅಲ್ಲಿ ಸ್ಟಾಫ್. ಟೀ ಶರ್ಟಿನ ಬೆನ್ನ ಮೇಲೆ ಹಾಗಂತ ಬರೆದಿತ್ತು. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಚಿಕ್ಕಪ್ಪ ಮುನಿಆಂಜಿನಪ್ಪನ ಕುರಿಗಳ ಹಿಂದೆ ಈ ಬಯಲನ್ನು ಅಂಗುಲ ಬಿಡದೆ ತುಳಿದಿದ್ದೇನೆ. ಅದಕ್ಕೇ ನನ್ನನ್ನು ಕರೆದದ್ದು. ಕರೆದರು, ಕೇಳಲಿಲ್ಲ.

ಈ ಬಯಲಿನಲ್ಲಿ ಟಿಟ್ಟಿಭ ಹಕ್ಕಿ ನೆಲದ ಮೇಲೇ ಮೊಟ್ಟೆಯಿಡುತ್ತದೆ. ಗೂಡು ಅನ್ನುವುದೇ ದೊಡ್ಡ ಮಾತು. ಕಲ್ಲುಗಳ ನಡುವೆ ಅಂಗೈಯಗಲದ ತಗ್ಗು, ಅದರಲ್ಲಿ ಕಲ್ಲಿನ ಬಣ್ಣದ್ದೇ ನಾಲ್ಕು ಮೊಟ್ಟೆ. ಪಕ್ಕದಲ್ಲಿ ನಿಂತರೂ ಕಾಣುವುದಿಲ್ಲ. ಅದೇ ಅದರ ಬೇಲಿ, ಅದೇ ಅದರ ಬೀಗ. ಯಾರಾದರೂ ತೀರ ಹತ್ತಿರ ಹೋದರೆ ಗಂಡೂ ಹೆಣ್ಣೂ ಎದ್ದು ತಲೆಯ ಮೇಲೆ ಸುತ್ತುತ್ತ ಕಿವಿ ಹರಿಯುವ ಹಾಗೆ ಕೂಗುತ್ತವೆ. ನಮ್ಮವರು ಬೇಸಿಗೆಯಲ್ಲಿ ತಪ್ಪಿದ ಕುರಿಯನ್ನು ಹುಡುಕುವುದೇ ಹಾಗೆ. ಓಡಾಡುವುದಿಲ್ಲ. ದಿಬ್ಬದ ಮೇಲೆ ಕೂತು ಕಿವಿಗೊಡುತ್ತಾರೆ. ಎಲ್ಲಿ ಟಿಟ್ಟಿಭ ಬಿಡದೆ ಕೂಗುತ್ತದೋ ಅಲ್ಲಿ ಕುರಿ ಇದೆ.

ಕ್ಯಾಂಪಿನ ಯಜಮಾನ ವೇಣುಗೋಪಾಲ್ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಮಕ್ಕಳು ಮೊಟ್ಟೆ ತುಳಿಯಬಾರದೆಂದು ಪ್ರತಿ ಗೂಡಿನ ಪಕ್ಕ ಬಿದಿರು ಕೋಲು ನೆಟ್ಟು ಕೆಂಪು ಬಾವುಟ ಕಟ್ಟಿಸಿದರು. ಬಾವುಟಕ್ಕೊಂದು ನಂಬರು, ನಂಬರಿಗೊಬ್ಬ ಕಾವಲುಗಾರ, ಕೊನೆಯ ದಿನ ಕಾವಲುಗಾರನಿಗೊಂದು ಸರ್ಟಿಫಿಕೇಟು.

“ಸಾರ್, ಕೋಲು ಬೇಡ ಸಾರ್,” ಅಂದೆ ಮೊದಲ ದಿನವೇ. “ಮರ ಇಲ್ದಿರೋ ಜಾಗದಲ್ಲಿ ಕೋಲ್ ನೆಟ್ರೆ ಕಾಗೆಗೆ ಸ್ಟೂಲ್ ಹಾಕ್ಕೊಟ್ಟಂಗೆ.”

“ಸುರೇಶ್, ಪ್ರೋಟೋಕಾಲ್ ಅಂತ ಒಂದಿರತ್ತಪ್ಪ. ನೀನು ಗೂಡು ತೋರ್ಸು, ಸಾಕು.”

ತೋರಿಸಿದೆ. ಒಂಬತ್ತು ತೋರಿಸಿದೆ. ಹತ್ತನೆಯದನ್ನು ಮುಚ್ಚಿಟ್ಟೆ. ಅದು ಕೆರೆ ಏರಿಯ ಆಚೆ, ಇಟ್ಟಿಗೆ ಭಟ್ಟಿಯವರು ಮಣ್ಣು ತೋಡಿ ಬಿಟ್ಟುಹೋದ ಗುಂಡಿಗಳ ನಡುವಿನ ಕಲ್ಲುನೆಲದಲ್ಲಿತ್ತು.

ಆರನೆಯ ದಿನ ಬೆಳಗಾಗುವಷ್ಟರಲ್ಲಿ ಒಂಬತ್ತೂ ಗೂಡು ಖಾಲಿ. ಒಂದೊಂದು ಕೋಲಿನ ತುದಿಯಲ್ಲೂ ಕಾಗೆಯ ಹಿಕ್ಕೆ.

ಶೀತಲ್ ನಾಲ್ಕನೇ ನಂಬರಿನ ಕಾವಲುಗಾರ್ತಿ. ಅವಳ ಅಪ್ಪ ಸಿದ್ರಾಮಪ್ಪ ವಿಜಯಪುರದ ಕಡೆಯವರು, ಯಶವಂತಪುರದ ಫ್ಯಾಕ್ಟರಿಯಲ್ಲಿ ಕೆಲಸ, ಮನೆ ಯಲಹಂಕದಲ್ಲಿ. ನನ್ನನ್ನು ‘ಸ್ಟಾಫ್’ ಅನ್ನದೆ ‘ಅಣ್ಣ’ ಅಂದವಳು ಇಪ್ಪತ್ತೆರಡರಲ್ಲಿ ಅವಳೊಬ್ಬಳೇ. ಒಂಬತ್ತೂ ಬಾವುಟದ ನಂಬರು ಬರೆದವಳೂ ಅವಳೇ, ಕೈಬರಹ ಚೆನ್ನಾಗಿದೆಯೆಂದು.

“ಅಣ್ಣಾ, ನಂದ್ರಾಗ ಮೊಟ್ಟಿ ಇಲ್ಲ. ಮರಿ ಆಗಿ ಹೋದ್ವೇನು?” ಎಂದು ನಗುತ್ತ ಬಂದಳು.

ಆ ನಗು ಕಂಡು ನನ್ನ ಪಿತ್ತ ನೆತ್ತಿಗೇರಿತು. ವೇಣುಗೋಪಾಲ್‌ಗೆ ಹೇಳಬೇಕಾದದ್ದನ್ನೆಲ್ಲ ಅವಳಿಗೆ ಹೇಳಿದೆ.

“ಮರಿ ಅಲ್ಲ, ಮಣ್ಣು! ಕಾಗೆ ತಿಂದು ಹೋಯ್ತು. ನೀನ್ ಚೆಂದಾಗಿ ನಂಬರ್ ಬರ್ದು ಬೋರ್ಡ್ ಹಾಕಿದ್ಯಲ್ಲ, ಇಲ್ಲಿ ಊಟ ಸಿಗತ್ತೆ ಅಂತ? ತಗೋ ಸರ್ಟಿಫಿಕೇಟು. ಮನೇಲಿ ಫ್ರೇಮ್ ಹಾಕಿಸ್ಕೋ.”

ಅವಳ ಬಾಯಿ ತೆರೆದದ್ದು ಹಾಗೇ ಇತ್ತು. ತಿರುಗಿ ಹೋದಳು.

ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ಎಲ್ಲರೂ ಟೆಂಟಿನಲ್ಲಿರಬೇಕು. ಮೂರೂವರೆಗೆ ಟೀಗೆ ಎಣಿಸಿದರೆ ಇಪ್ಪತ್ತೊಂದೇ ತಲೆ. ಅವಳ ನೀರಿನ ಬಾಟಲಿ ದಿಂಬಿನ ಪಕ್ಕದಲ್ಲೇ ಬಿದ್ದಿತ್ತು.

ನಾನು ನಾಲ್ಕನೇ ಗೂಡಿಗೆ ಓಡಿದೆ. ಬಾವುಟ ಇರಲಿಲ್ಲ. ಕೋಲು ಕಿತ್ತ ತೂತು ಮಾತ್ರ. ಐದನೆಯದಕ್ಕೆ ಓಡಿದೆ, ಅಲ್ಲೂ ತೂತು. ಆಗ ಅರ್ಥವಾಯಿತು. ನನ್ನ ಮಾತು ತಿಂದು ಅರಗಿಸಿಕೊಳ್ಳಲಾಗದೆ ಹುಡುಗಿ ಉರಿಬಿಸಿಲಲ್ಲಿ ಒಬ್ಬಳೇ ಬಾವುಟ ಕೀಳಲು ಹೊರಟಿದ್ದಾಳೆ. ಆ ಬಯಲಿನಲ್ಲಿ ಮಕ್ಕಳಿಗೆ ದಾರಿಯ ಗುರುತು ಅಂತ ಇದ್ದದ್ದು ಆ ಬಾವುಟಗಳೇ. ಒಂದೊಂದೇ ಕಿತ್ತುಕೊಂಡು ಹೋದವಳು ತನ್ನ ಹಿಂದಿನ ದಾರಿಯನ್ನೂ ಕಿತ್ತುಕೊಂಡು ಹೋಗಿದ್ದಳು.

ಒಂಬತ್ತನೆಯ ತೂತಿನ ಮುಂದೆ ಏನೂ ಇಲ್ಲ. ಒಣಹುಲ್ಲು, ಬಿರುಕುಬಿಟ್ಟ ನೆಲ, ಬಿಸಿಲಿನ ನಡುಕ. ಹಕ್ಕಿಯ ಸದ್ದೂ ಇಲ್ಲ. ಮೊಟ್ಟೆ ಕಳೆದುಕೊಂಡ ಜೋಡಿಗಳು ಕೆಸರು ಹುಡುಕಿಕೊಂಡು ಎತ್ತಲೋ ಹೋಗಿದ್ದವು. ಆ ಒಂಬತ್ತರಲ್ಲಿ ಒಂದೇ ಒಂದು ಗೂಡು ಉಳಿದಿದ್ದರೂ ಆ ಹುಡುಗಿ ಎಲ್ಲಿ ಕಾಲಿಟ್ಟಳೆಂದು ಬಯಲೇ ಕೂಗಿ ಹೇಳುತ್ತಿತ್ತು. ಬಯಲಿನ ಬಾಯಿ ಮುಚ್ಚಿಸಿದ್ದೆವು.

“ಪೊಲೀಸ್‌ಗೆ ಹೇಳಿ ಸಾರ್.”

“ಅರ್ಧ ಗಂಟೆ ಕೊಡು ಸುರೇಶ್. ಪೊಲೀಸ್ ಅಂದ್ರೆ ನಾಳೆ ಕ್ಯಾಂಪೇ ಇರಲ್ಲ.” ವೇಣುಗೋಪಾಲ್ ಕೈಯಲ್ಲಿದ್ದ ಟ್ರಂಕಿನ ಬೀಗದ ಕೈ ಗಲಗಲ ಅನ್ನುತ್ತಿತ್ತು.

“ಇರಲ್ಲ ಅಂದ್ರೆ ಇರ್ದೇ ಹೋಗ್ಲಿ! ಬಾಟಲಿ ಬಿಟ್ ಹೋಗವ್ಳೆ ಸಾರ್ ಆ ಮಗು!”

ಆಗಲೇ ಸ್ಕೂಟರ್ ಬಂದು ನಿಂತಿತು. ಅವತ್ತು ಭಾನುವಾರ. ಸಿದ್ರಾಮಪ್ಪ ಮಗಳನ್ನು ನೋಡಲು ಬಂದಿದ್ದರು, ಹ್ಯಾಂಡಲ್ಲಿಗೆ ಬಟ್ಟೆಯ ಚೀಲ.

“ಎಲ್ಲಿ ಅದಾಳ್ರೀ ನಮ್ಮ ಶೀತಲ್? ರೊಟ್ಟಿ ತಂದೀನಿ. ಇಲ್ಲಿ ಬರೇ ಅನ್ನ ಹಾಕ್ತಾರಂತ ಅಳತಿದ್ಲು.”

ನಾನೇ ಹೇಳಿದೆ. ಬೆಳಿಗ್ಗೆ ಏನಂದೆನೋ ಅದನ್ನೂ ಹೇಳಿದೆ, ಒಂದಕ್ಷರ ಬಿಡದೆ. ಕೆನ್ನೆಗೆ ಬಾರಿಸಿದ್ದರೆ ತೆಗೆದುಕೊಳ್ಳಲು ತಯಾರಿದ್ದೆ. ಅವರು ಚೀಲವನ್ನು ಮೆಲ್ಲಗೆ ನೆಲಕ್ಕಿಟ್ಟರು.

“ನಿನಗ ಬೈಯೋದು ಆಮ್ಯಾಲ,” ಅಂದರು. “ಮೊದಲ ಹುಡುಕು.”

ಹುಡುಕಿದೆವು ಅಂದರೆ ಅರಚಿದೆವು. ಮಕ್ಕಳು, ಅಡುಗೆಯವರು, ವೇಣುಗೋಪಾಲ್, ಎಲ್ಲರೂ ದಿಕ್ಕಿಗೊಬ್ಬರಾಗಿ “ಶೀತಲ್, ಶೀತಲ್” ಎಂದು ಗಂಟಲು ಹರಿದುಕೊಂಡೆವು. ಯಾರೋ ಟ್ರಂಕು ತೆಗೆದು ಸೀಟಿಗಳನ್ನು ಹಂಚಿದರು. ಈಗ. ನಾಲ್ಕೂ ಮುಕ್ಕಾಲು ಆಯಿತು. ಐದು ಆಯಿತು. ಸಿದ್ರಾಮಪ್ಪನವರ ದನಿ ಒಡೆದು ಬರೀ ಗಾಳಿ ಬರುತ್ತಿತ್ತು. ಆದರೂ ಬಾಯಿ ತೆರೆದೇ ಇತ್ತು. ವೇಣುಗೋಪಾಲ್ ಕೊನೆಗೂ ಪೊಲೀಸರಿಗೆ ಫೋನ್ ಮಾಡಿದರು. ಬರುತ್ತೇವೆ ಅಂದರಂತೆ.

ಏರಿಯ ಮೇಲೆ ಕುರಿ ಹೊಡೆದುಕೊಂಡು ಬಂದ ಚಿಕ್ಕಪ್ಪ ನಮ್ಮನ್ನು ನೋಡಿ ನಿಂತುಬಿಟ್ಟ.

“ಲೇ ಸುರೇಸ, ಇದ್ಯಾಕ್ಲಾ ಇಂಗೆ ಬಡ್ಕೋತಿದ್ದೀರಾ?”

“ಹುಡುಗಿ ತಪ್ಪಿಸ್ಕೊಂಡವ್ಳೆ ಚಿಕ್ಕಪ್ಪ.”

“ಅದ್ಕೆ? ನೀವು ಇಪ್ಪತ್ ಜನ ಅರಚ್ಕೊಂಡ್ರೆ ಆ ಕೂಸು ಕೂಗಿದ್ದು ಯಾರಿಗ್ಲಾ ಕೇಳ್ತದೆ? ಕುರಿ ಕಾಯೋದು ಕಲ್ಸಿದ್ದೆ ನಿಂಗೆ, ಮರ್ತ್‌ಬುಟ್ಯಾ? ಕುಂತ್ಕೊಳ್ರಿ ಎಲ್ಲಾ. ಬಾಯ್ ಮುಚ್ಕೊಂಡು ಕುಂತ್ಕೊಳ್ರಿ!”

ಕೂತೆವು. ಏರಿಯ ಮೇಲೆ ಸಾಲಾಗಿ. ಕಾಣೆಯಾದ ಮಗಳ ಅಪ್ಪನನ್ನು ಕೈ ಹಿಡಿದು ಎಳೆದು ಕೂರಿಸಬೇಕಾಯಿತು. ಅದರಂಥ ಹಿಂಸೆ ಇನ್ನೊಂದಿಲ್ಲ. ಒಂದು ವಿಮಾನ ತಲೆಯ ಮೇಲೆ ಹೋಯಿತು. ಅದರ ಸದ್ದು ಸಾಯುವವರೆಗೂ ಕಾದೆವು. ಸುಫಿಯಾನ್ ಎರಡೂ ಕೈಯಿಂದ ತನ್ನ ಬಾಯಿ ಒತ್ತಿ ಹಿಡಿದಿದ್ದ.

ಆಮೇಲೆ ಕೇಳಿಸಿತು. ದೂರ, ಏರಿಯ ಆಚೆ. ಟಿಟ್ಟಿಭ. ಕೂಗಿತು, ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಅದೇ ಜಾಗದಲ್ಲಿ ಮತ್ತೆ ಕೂಗಿತು.

ಹತ್ತನೆಯ ಗೂಡು. ನಾನು ಕದ್ದಿಟ್ಟ ಗೂಡು.

“ಕ್ಯಾಂಪ್ ಜೀಪ್ ತನ್ನಿ, ಹಗ್ಗ ತನ್ನಿ,” ಎಂದು ಕೂಗಿ ಓಡಿದೆ. ಕಲ್ಲುನೆಲ ಮುಟ್ಟಿದಾಗ ಕಂಡಿತು: ಗುಂಡಿಯ ಬಾಯಿಂದ ಕೆಂಪು ಬಾವುಟವೊಂದು ನಿಧಾನವಾಗಿ ಮೇಲೆ ಬಂತು, ಎರಡು ಸಲ ಆಡಿತು, ಕೆಳಗೆ ಹೋಯಿತು. ಅದು ಆಡಿದಾಗಲೆಲ್ಲ ಹಕ್ಕಿ ಎದ್ದು ಕೂಗುತ್ತಿತ್ತು.

ಎರಡಾಳು ಆಳದ ಗುಂಡಿ. ಗೋಡೆ ಮುಟ್ಟಿದರೆ ಉದುರುವ ಮಣ್ಣು. ತಳದಲ್ಲಿ ಶೀತಲ್, ಎಡಗಾಲು ನೋಡಲಾಗದ ಹಾಗೆ ತಿರುಚಿಕೊಂಡಿತ್ತು. ಎರಡು ಕೋಲುಗಳನ್ನು ಶೂ ಲೇಸಿನಿಂದ ಜೋಡಿಸಿ ಬಿಗಿದಿದ್ದಳು. ಉಳಿದವು ಮಡಿಲಲ್ಲಿ. ತುಟಿ ಸುಣ್ಣದ ಹಾಗೆ ಬಿಳಿ. ನಾನು ಅಂಚಿನಲ್ಲಿ ಬೋರಲು ಮಲಗಿ ಕೋಲಿನ ತುದಿ ಹಿಡಿದೆ. ಈ ತುದಿ ನನ್ನ ಕೈಯಲ್ಲಿ, ಆ ತುದಿ ಅವಳ ಕೈಯಲ್ಲಿ.

“ಅಣ್ಣಾ... ಹಕ್ಕಿ ಒದರೂದು ಕೇಳಿ ಬಂದೆ. ಇಲ್ಲೊಂದು ಗೂಡ ಐತಿ. ನಾಕೂ ಮೊಟ್ಟಿ ಅದಾವ. ತುಳೀಬಾರ್ದಂತ ಹಿಂದ ಹಿಂದ ಸರದೆ...”

“ಮಾತಾಡ್ಬೇಡ. ಕೋಲ್ ಹಿಡ್ಕೋ. ನಿಮ್ಮಪ್ಪ ಬರ್ತಾವ್ರೆ.”

“ಬಿಡಬ್ಯಾಡ ಅಣ್ಣಾ.”

ಅವಳ ಕಣ್ಣು ಮುಚ್ಚಿಕೊಂಡಿತು. ಕೋಲನ್ನು ಅಲುಗಿಸಿದೆ. ಅವಳ ಬೆರಳು ಬಿಗಿಯಾಯಿತು. ಅಷ್ಟರಿಂದಲೇ ಅವಳಿಗೆ ಎಚ್ಚರವಿರುವುದು ನನಗೆ ಗೊತ್ತಾಗುತ್ತಿತ್ತು.

ಜೀಪು ಏರಿಯ ಮೇಲೆ ಬಂದು ನಿಂತಿತು. “ಸುರೇಶ್, ಯಾವ್ ಕಡೆಯಿಂದ?” ವೇಣುಗೋಪಾಲ್ ಕೂಗು.

ಭಟ್ಟಿಯ ರಸ್ತೆ ಸುತ್ತಿ ಬಂದರೆ ಇಪ್ಪತ್ತು ನಿಮಿಷ. ನೇರ ಬಂದರೆ ಎರಡು. ನೇರ ಅಂದರೆ ಗುಂಡಿಗಳ ನಡುವೆ ಜೀಪಿನಷ್ಟೇ ಅಗಲದ ಗಟ್ಟಿ ನೆಲ, ಆ ನೆಲದಲ್ಲಿ ನಾಲ್ಕು ಮೊಟ್ಟೆ. ಎತ್ತಿ ಪಕ್ಕಕ್ಕಿಡಬಹುದಿತ್ತಲ್ಲ ಎಂದು ಈಗ ಯಾರು ಬೇಕಾದರೂ ಕೇಳಬಹುದು. ಗೂಡಿಗೆ ಹದಿನೈದು ಹೆಜ್ಜೆ. ಹೋಗಬೇಕಾದರೆ ಕೋಲು ಬಿಡಬೇಕಿತ್ತು.

ಬಿಡಲಿಲ್ಲ. ಖಾಲಿ ಕೈಯೆತ್ತಿ ನೇರ ಬನ್ನಿ ಎಂದು ಬೀಸಿದೆ. ನಾನೇ ಬೀಸಿದೆ.

ಟಿಟ್ಟಿಭಗಳೆರಡೂ ಜೀಪಿನ ಮೂತಿಗೇ ಎರಗಿದವು. ನಾನು ತಿರುಗಿ ನೋಡಲಿಲ್ಲ. ಕಿವಿ ಮುಚ್ಚಿಕೊಳ್ಳಲು ಎರಡು ಕೈ ಬೇಕಿತ್ತು, ಖಾಲಿ ಇದ್ದದ್ದು ಒಂದೇ.

ಜೀಪಿನಿಂದ ಇಳಿದು ಹಗ್ಗಕ್ಕೆ ಗಂಟು ಹಾಕಿದವನು ಸುಫಿಯಾನ್. ಸಂಜೆಯ ಸಾಹಸದಲ್ಲಿ ಕಲಿತದ್ದನ್ನು ತಪ್ಪಿಲ್ಲದೆ ಮಾಡಿದ. ಒಂದು ತುದಿ ಜೀಪಿಗೆ, ಒಂದು ತುದಿ ಸಿದ್ರಾಮಪ್ಪನವರ ಸೊಂಟಕ್ಕೆ. “ಅಂಕಲ್, ಗೋಡೆಗೆ ಕಾಲ್ ಕೊಡ್ಬೇಡಿ, ಉದುರತ್ತೆ,” ಅಂದ. ನಗಿಸುವ ಹುಡುಗನ ದನಿಯೇ ಅಲ್ಲ ಅದು. ಅವರು ಇಳಿದರು, ಮಗಳನ್ನು ಎದೆಗೆ ಕಟ್ಟಿಕೊಂಡರು, ಹತ್ತು ಜನ ಸೇರಿ ಎಳೆದೆವು. ಮೇಲೆ ಬಂದ ಮೇಲೂ ಅವಳ ಮುಷ್ಟಿಯಲ್ಲಿ ಕೋಲಿತ್ತು.

ತುಟಿಗೆ ನೀರು ಹನಿಸಿ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಅವಳು ನನ್ನನ್ನು ಹುಡುಕಿದಳು.

“ಮೊಟ್ಟಿ?”

“ಅವೆ,” ಅಂದೆ. “ನಾಲ್ಕೂ ಅವೆ.”

ಸಿದ್ರಾಮಪ್ಪ ನನ್ನ ಮುಖ ನೋಡಿದರು. ಚಕ್ರದ ಕಡೆ ನೋಡಿದರು. ಮಗಳ ಪಕ್ಕ ಹತ್ತಿ ಕೂತರು. ಬಂದ ದಾರಿಯಲ್ಲೇ ಜೀಪು ಯಲಹಂಕದ ಆಸ್ಪತ್ರೆಗೆ ಹೊರಟಿತು. ಉಳಿದವರು ಕ್ಯಾಂಪಿನ ಕಡೆ ನಡೆದರು.

ನಾನು ಹೋಗಿ ನೋಡಿದೆ. ಮೂರು ಮಣ್ಣಿನಲ್ಲಿ ಕಲಸಿಹೋಗಿದ್ದವು. ಚಕ್ರದ ಅಚ್ಚಿನ ಅಂಚಿನಲ್ಲಿ, ಎರಡು ಕಲ್ಲುಗಳ ಸಂದಿನಲ್ಲಿ, ಒಂದು ಇಡಿಯಾಗಿ ಉಳಿದಿತ್ತು. ಏರಿಯಿಂದ ಆ ಒಂದು ಮೊಟ್ಟೆಯವರೆಗೆ ಜೀಪಿನ ಎರಡು ಗೆರೆ, ಬಾವುಟಕ್ಕಿಂತ ನಿಚ್ಚಳವಾಗಿ. ನಾಯಿಗೆ, ಕಾಗೆಗೆ ಇನ್ನೇನು ಬೇಕು?

ಒಡೆದ ಮೂರರ ಮೇಲೆ ಮಣ್ಣು ಮುಚ್ಚಿದೆ. ಒಂದು ಜಾಲಿ ಕೊಂಬೆ ಮುರಿದುಕೊಂಡು ಗೆರೆಗಳನ್ನು ಗುಡಿಸತೊಡಗಿದೆ. ಗುಡಿಸಿದ್ದನ್ನು ಮತ್ತೆ ತುಳಿಯಬಾರದೆಂದು ಹಿಂದೆ ಹಿಂದೆ ಸರಿಯುತ್ತ ಗುಡಿಸಿದೆ. ಮುಳ್ಳು ಕೈಗೆ ಇಳಿಯಿತು. ಇಳಿಯಲಿ. ಮೇಲೆ ಹಕ್ಕಿಗಳೆರಡೂ ಸುತ್ತುತ್ತ ಒಂದೇ ಸಮನೆ ಕೂಗುತ್ತಿದ್ದವು.

ಯಾಕೆ ಇನ್ನೂ ಕೂಗುತ್ತಿವೆ ಎಂದು ತಲೆಯೆತ್ತಿ ಸುತ್ತ ನೋಡಿದೆ. ನಾಯಿ ಇಲ್ಲ, ಕಾಗೆ ಇಲ್ಲ, ಜೀಪು ಇಲ್ಲ. ಬಯಲಿನಲ್ಲಿ ಇದ್ದವನು ನಾನೊಬ್ಬನೇ.

‘ಸ್ಟಾಫ್’ ಅಂತ ಬರೆದಿದ್ದ ಟೀ ಶರ್ಟು ಕಳಚಿ ಕಂಕುಳಲ್ಲಿ ಇರುಕಿಕೊಂಡು, ಉಳಿದ ಗೆರೆಯನ್ನು ಏರಿಯವರೆಗೂ ಗುಡಿಸಿಕೊಂಡು ಹೋದೆ. ಏರಿ ಹತ್ತಿ ಆಚೆ ಇಳಿದ ಮೇಲೆ ಕೂಗು ನಿಂತಿತು.