ಮಡಿಸಿದ ಟೇಪಿನ ತುದಿ

ಮತ್ತೆ ಕುಂಯ್ ಎಂದಿತು, ಲಿವರ್ ಇಳಿಸಿದರೂ ಕುಂಯ್, ಎತ್ತಿದರೂ ಕುಂಯ್, ಈ ಮೀಟರಿಗೆ ಬೇರೆ ಮಾತೇ ಬರುವುದಿಲ್ಲವೇನೋ, ಬ್ಯಾಟರಿ ಕಳಚಿದ್ದೇನೆ, ಮೀಟರಿನ ವೈರುಗಳ ತುದಿಯ ಎರಡೂ ಮುಳ್ಳನ್ನು ಸ್ವಿಚ್ಚಿನ ಎರಡು ತಂತಿಗೆ ಚುಚ್ಚಿದ್ದೇನೆ, ಕರೆಂಟಿಗೆ ದಾರಿ ಇದ್ದರೆ ಕೂಗು, ಇಲ್ಲದಿದ್ದರೆ ಸುಮ್ಮನಿರು, ಇಷ್ಟೇ ತಾನೇ ಅದರ ಕೆಲಸ — ಸೀಟಿನ ಎಡಗಡೆಯ ಈ ಕೆಂಪು ಲಿವರ್ ಎತ್ತಿದರೆ ಕೆಳಗಿನ ಸ್ವಿಚ್ಚು ಬಿಟ್ಟುಕೊಳ್ಳಬೇಕು, ಎರಡು ಕೈಯ ಜಾಯ್‌ಸ್ಟಿಕ್‌ಗಳೂ ಸತ್ತುಹೋಗಬೇಕು, ಆಪರೇಟರ್ ಇಳಿಯುವಾಗ ಅಂಗಿ ತಗುಲಿದರೂ ಮೊಣಕೈ ತಗುಲಿದರೂ ಯಂತ್ರ ಮಿಸುಕಬಾರದು, ಅದಕ್ಕೇ ಇಟ್ಟಿರುವುದು, ಮಣ್ಣು ತೋಡುವ ಈ ಹಳೆಯ ಎಕ್ಸ್‌ಕವೇಟರ್ ಮಾತ್ರ ಎಲ್ಲದಕ್ಕೂ ಹೂಂ ಅನ್ನುತ್ತದೆ, ನನ್ನ ಹಾಗೆ, ಯಜಮಾನರಿಗೂ ಹೂಂ, ಮನೆಯವಳಿಗೂ ಹೂಂ, ಬೆನ್ನು ಮುರಿಯುವಂತಿದ್ದರೂ ಹೂಂ. ಕ್ಯಾಬಿನ್ನಿನ ಗಾಜಿನಲ್ಲಿ ಬಿಸಿಲು ಕಣ್ಣಿಗೇ ಹೊಡೆಯುತ್ತಿದೆ, ಒಳಗೆಲ್ಲ ಗ್ರೀಸು, ಬೆವರು, ಯಾವ ಕಾಲದ್ದೋ ಬೀಡಿಯ ವಾಸನೆ, ಕೆಳಗಿನಿಂದ ಯಜಮಾನರ ದನಿ, ಏನಯ್ಯಾ, ಇನ್ನೂ ಅಲ್ಲೇ ತಪಸ್ಸು ಮಾಡ್ತಿದೀಯಾ, ಮಧ್ಯಾಹ್ನ ತಗೊಳ್ಳೋರು ಬರ್ತಾರೆ, ಆಗೋಯ್ತು ಯಜಮಾನ್ರೇ ಅಂದೆ, ಏನೂ ಆಗಿಲ್ಲ.

ಹೊಸ ಸ್ವಿಚ್ಚು ಹಾಕಿದ್ದೂ ಆಯಿತು, ಹಳೆಯದನ್ನು ಕಳಚಿ ಬೇರೆಯಾಗಿ ನೋಡಬೇಕೆಂಬ ಬುದ್ಧಿ ಇಷ್ಟು ವರ್ಷ ಈ ಕೆಲಸದಲ್ಲಿ ಕೂದಲು ಉದುರಿಸಿಕೊಂಡವನಿಗೆ ಬರಬೇಡವೇ, ಎರಡು ಕಡೆಯೂ ಕೂಗಿತು, ಸ್ವಿಚ್ಚು ಅಂಟಿಕೊಂಡಿದೆ ಅಂದುಕೊಂಡೆ, ಹೋದ ವರ್ಷ ಅಪಘಾತವಾದಾಗ ಬಂದು ನೋಡಿದವರೂ ಹಾಗೇ ಅಂದುಕೊಂಡರು, ಸ್ವಿಚ್ಚು ಕೆಟ್ಟಿದೆ, ಆಪರೇಟರನದೇನೂ ತಪ್ಪಿಲ್ಲ ಎಂದು ಹೇಳಿ ಹೋದರು. ಆ ಆಪರೇಟರ್ ನನ್ನ ಅಣ್ಣ. ಈ ಸೀಟಿನಲ್ಲೇ ಕೂತಿದ್ದ, ಇಲ್ಲಿಂದಲೇ ಎದ್ದು ಇಳಿಯುತ್ತಿದ್ದ, ಯಂತ್ರ ತಾನಾಗಿ ಗರ್ರನೆ ತಿರುಗಿತು, ಅದರ ಹಿಂಬದಿಯ ಕಬ್ಬಿಣದ ಭಾರ ಹೋಗಿ ಪೀಪಿಯನ್ನು ಗೋಡೆಗೆ ಒತ್ತಿತು, ಪೀಪಿ ಅಂದರೆ ಕೆಳಗೆ ನಿಂತು ಸೀಟಿ ಊದಿ ದಾರಿ ತೋರಿಸುವವನು, ಅಣ್ಣನ ಜೊತೆಗಾರ, ಈಗ ಒಂದು ಕಾಲಿನವನು. ಅಂದಿನಿಂದ ಎಲ್ಲರೂ ಈ ಯಂತ್ರವನ್ನು ಹುಚ್ಚಿ ಅನ್ನುತ್ತಾರೆ, ಯಾರೂ ಹತ್ತಲಿಲ್ಲ, ಗುತ್ತಿಗೆದಾರ ಸಿಕ್ಕಿದ ಬೆಲೆಗೆ ನಮ್ಮ ಯಜಮಾನರ ತಲೆಗೆ ಕಟ್ಟಿದ. ಅಣ್ಣ ಪ್ರತಿ ಭಾನುವಾರ ಪೀಪಿಯ ಮನೆಗೆ ಹೋಗಿ ನೀರು ತುಂಬಿಸಿ ಬರುತ್ತಾನೆ, ಪೀಪಿ ನಗುತ್ತಾನೆ, ಲೋ, ಹುಚ್ಚಿ ಮಾಡಿದ್ದಕ್ಕೆ ನೀನ್ಯಾಕೆ ಬಿಂದಿಗೆ ಹೊರ್ತೀಯಾ, ಅಣ್ಣ ಇನ್ನೊಂದು ಬಿಂದಿಗೆ ಎತ್ತಿಕೊಳ್ಳುತ್ತಾನೆ, ಅತ್ತಿಗೆ ನನ್ನ ಹತ್ತಿರ ಕಣ್ಣು ಒರೆಸಿಕೊಳ್ಳುತ್ತಾಳೆ, ಮಾಡದ ತಪ್ಪಿಗೆ ಎಷ್ಟು ಕೊರಗ್ತಾರೆ ನೋಡಪ್ಪಾ, ರಾತ್ರಿ ನಿದ್ದೇನೇ ಇಲ್ಲ. ಅದಕ್ಕೇ ಈ ಕೆಲಸ ನಾನೇ ಕೇಳಿ ತೆಗೆದುಕೊಂಡೆ, ಕೆಟ್ಟದ್ದೇನೆಂದು ಕಣ್ಣಾರೆ ಕಂಡು ಅಣ್ಣನ ಕೈಗಿಟ್ಟರೆ ಅವನ ಎದೆ ಹಗುರಾದೀತು ಅಂತ.

ಹಳೆಯ ಸ್ವಿಚ್ಚನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ಹಚ್ಚಿದೆ, ಒತ್ತಿದರೆ ಕುಂಯ್, ಬಿಟ್ಟರೆ ಮೌನ, ಒತ್ತಿದರೆ ಕುಂಯ್, ಬಿಟ್ಟರೆ ಮೌನ, ಏನೂ ಆಗಿಲ್ಲ ಇದಕ್ಕೆ, ಚೆನ್ನಾಗಿಯೇ ಇದೆ — ಹಾಗಾದರೆ ಕೂಗುತ್ತಿರುವುದು ಸ್ವಿಚ್ಚಲ್ಲ, ಬೇರೆ ಎಲ್ಲೋ ಒಂದು ಒಳದಾರಿ ಇದೆ. ತಂತಿಯ ಹಿಂದೆ ಬಿದ್ದೆ, ಸೀಟಿನ ಕೆಳಗೆ ಕೈ ಹಾಕಿ ತಡವಿದೆ, ಕ್ಲಿಪ್ಪು, ಮಣ್ಣು, ಅಂಗಿಯ ಒಂದು ಗುಂಡಿ, ಮೊಣಕಾಲು ಊರಿ ರಬ್ಬರ್ ಮ್ಯಾಟು ಎತ್ತಿದೆ, ತಂತಿಗಳ ಕಟ್ಟಿನಲ್ಲಿ ಒಂದು ಕಡೆ ಸ್ವಲ್ಪ ಊದಿಕೊಂಡಿದೆ, ಕಪ್ಪು ಟೇಪು, ನೀಟಾಗಿ ಸುತ್ತಿದ್ದು, ಬಿಚ್ಚಲು ಉಗುರು ಹಾಕಿದರೆ ಸಲೀಸಾಗಿ ಬಂದುಬಿಟ್ಟಿತು, ಬರದೆ ಏನು, ತುದಿಯನ್ನು ಮಡಿಸಿ ಬಿಟ್ಟಿದ್ದಾರೆ. ಮೂಲೆ ಸೇರಿಸಿ ಓರೆಯಾಗಿ ಒಂದು ಮಡಿಕೆ, ಅದರ ಮೇಲೆ ಇನ್ನೊಂದು. ಕೈ ಅಲ್ಲೇ ನಿಂತಿತು. ಇಡೀ ಯಾರ್ಡಿನಲ್ಲಿ ಹೀಗೆ ಮಡಿಸುವವನು ನಾನೊಬ್ಬನೇ, ಅದಕ್ಕೇ ಇವರೆಲ್ಲ ನನ್ನನ್ನು ಇಸ್ತ್ರಿಯವನು ಅಂತ ಆಡಿಕೊಳ್ಳುವುದು, ನನಗೆ ಕಲಿಸಿದವನು ಅಣ್ಣ, ಮನೆಯ ಟೇಬಲ್ ಫ್ಯಾನಿನ ತಂತಿ ಕಟ್ಟುವಾಗ, ತುದೀನ ಹಾಗೇ ಅಂಟಿಸಿಬಿಡ್ಬೇಡ ಕಣೋ, ಮಡಿಚಿಡು, ನಾಳೆ ಬಿಚ್ಚೋನಿಗೆ ಉಗುರು ಸಿಗ್ಬೇಕಲ್ಲ, ಉಗುರು ಸೀಳಿದ ಆ ಹೆಬ್ಬೆರಳು ಟೇಪಿನ ತುದಿಯನ್ನು ಮಡಿಸುತ್ತದೆ, ಒತ್ತುತ್ತದೆ, ಇನ್ನೊಮ್ಮೆ ಒತ್ತುತ್ತದೆ. ಟೇಪಿನೊಳಗೆ ಗೇಣುದ್ದದ ಒಂದು ತಂತಿ, ಸ್ವಿಚ್ಚಿನ ಈ ಕಡೆಯಿಂದ ಆ ಕಡೆಗೆ, ಕರೆಂಟು ಸ್ವಿಚ್ಚನ್ನು ಕೇಳದೆಯೇ ದಾಟಿಹೋಗಲು. ಲಿವರ್ ಎತ್ತಿಯೇ ಇಟ್ಟು ಕೆಲಸ ಮಾಡಬಹುದು, ಹತ್ತಿ ಇಳಿದಾಗಲೆಲ್ಲ ಅದನ್ನು ಎಳೆಯುವ ರಗಳೆ ಇಲ್ಲ. ಹುಚ್ಚಿಗೆ ಹುಚ್ಚೂ ಇರಲಿಲ್ಲ, ಏನೂ ಇರಲಿಲ್ಲ.

ಬೇರೆ ಯಾರೋ ಇರಬಹುದು, ಜಗತ್ತಿನಲ್ಲಿ ಟೇಪಿನ ತುದಿ ಮಡಿಸುವವರು ನಾವಿಬ್ಬರೇ ಏನು, ಹಳೆಯ ಗಾಡಿ, ಎಷ್ಟೋ ಕೈ ಬದಲಾಗಿದೆ, ಅಣ್ಣನಿಗೆ ಇದು ಗೊತ್ತೇ ಇರಲಿಕ್ಕಿಲ್ಲ — ಗೊತ್ತಿಲ್ಲದವನು ಭಾನುವಾರ ಭಾನುವಾರ ಬಿಂದಿಗೆ ಯಾಕೆ ಹೊರುತ್ತಾನೆ. ಸುಸ್ತಾಗುತ್ತಿದೆ, ಹಸಿವೂ ಸತ್ತಿದೆ, ಕತ್ತರಿಸಿ ಜೇಬಿಗೆ ಹಾಕಿಕೊಂಡರೆ ಮುಗಿಯಿತು, ಯಂತ್ರ ಸರಿಯಾಗುತ್ತದೆ, ಯಜಮಾನರು ಬೆನ್ನು ತಟ್ಟುತ್ತಾರೆ, ಪೀಪಿ ನಗುತ್ತಲೇ ಇರುತ್ತಾನೆ, ಅತ್ತಿಗೆ ಹೆಮ್ಮೆಯಿಂದಲೇ ಅಳುತ್ತಿರುತ್ತಾಳೆ, ಯಾರಿಗೆ ಏನು ನಷ್ಟ, ಕಟರ್ ಹಿಡಿದೆ, ಕತ್ತರಿಸಿದೆ, ಲಿವರ್ ಎತ್ತಿ ಮುಳ್ಳು ಹಚ್ಚಿದೆ, ಮೀಟರು ಈ ತಂತಿಗಳ ಮೇಲೆ ಮೊದಲ ಸಲ ಬಾಯಿ ಮುಚ್ಚಿತು. ಅಣ್ಣ ಈಗ ಮನೆಯಲ್ಲಿಲ್ಲ. ತಪ್ಪಿಲ್ಲ ಅಂತ ಆದ ಮೇಲೆ ಅವನಿಗೆ ಬೇರೆ ಯಂತ್ರ ಕೊಟ್ಟಿದ್ದಾರೆ, ಅದೂ ಹಳೆಯದೇ, ಅದಕ್ಕೂ ಇಂಥದೇ ಕೆಂಪು ಲಿವರ್, ಇವತ್ತು ಬೆಳಿಗ್ಗೆಯೂ ಕೆಲಸಕ್ಕೆ ಹೋದ, ಕೆಳಗೆ ಸೀಟಿ ಊದಲು ಪೀಪಿಯ ಜಾಗಕ್ಕೆ ಇನ್ನೊಬ್ಬ ಬಂದಿದ್ದಾನೆ, ಹೆಸರೂ ಗೊತ್ತಿಲ್ಲ ನನಗೆ. ಹೆಬ್ಬೆರಳು ಮಡಿಸುತ್ತದೆ, ಒತ್ತುತ್ತದೆ. ಒಂದು ಸಲ ಕಲಿತ ಕೈ ಸುಮ್ಮನಿರುತ್ತದೆಯೇ, ಇಲ್ಲ, ಅಷ್ಟೆಲ್ಲ ಆದ ಮೇಲೆ ಯಾರಾದರೂ ಮತ್ತೆ, ಇಲ್ಲ, ಆದರೂ ಫೋನು ಆಗಲೇ ಕಿವಿಯಲ್ಲಿದೆ.

ಏನೋ, ಅಂದ ಅಣ್ಣ, ಹಿಂದೆ ಎಂಜಿನ್ನಿನ ಗದ್ದಲ, ಅಣ್ಣಾ, ಹುಚ್ಚಿ ನಮ್ಮ ಯಾರ್ಡಿಗೆ ಬಂದಿದೆ, ನಾನೇ ನೋಡ್ತಾ ಇದೀನಿ ಅಂದೆ, ಆ ಕಡೆ ಬರೀ ಎಂಜಿನ್, ಬರೀ ಎಂಜಿನ್, ಆಮೇಲೆ ಮೆಲ್ಲಗೆ ಕೇಳಿದ, ಮ್ಯಾಟು ಎತ್ತಿದ್ಯಾ. ಅಷ್ಟೇ. ಬೈಯಬೇಕು ಅನ್ನಿಸಿತು, ಅಳು ಬಂತು, ಕೊನೆಗೆ ಬಾಯಿಂದ ಬಂದದ್ದು ಇಷ್ಟೇ, ಈಗ ಕೂತಿರೋದ್ರಲ್ಲೂ ಹಾಕಿದೀಯಾ ಅಣ್ಣಾ. ಎಂಜಿನ್. ಹೇಳಣ್ಣಾ. ಇರೋ, ಕೆಳಗಿಂದ ಕರೀತಿದಾನೆ, ಇಳಿದು ಮಾತಾಡ್ತೀನಿ ಅಂದ, ಇಳೀಬೇಡ, ಮೊದ್ಲು ಎಂಜಿನ್ ಆಫ್ ಮಾಡು, ಕೀ ತೆಗಿ ಅಣ್ಣಾ, ಕೀ ತೆಗಿ, ನಾನು ಕಿರುಚಿದ್ದು ಯಾರ್ಡಿಗೆಲ್ಲ ಕೇಳಿಸಿ ಯಜಮಾನರು ತಲೆಯೆತ್ತಿ ನೋಡುತ್ತಿದ್ದಾರೆ, ಅಣ್ಣನಿಗೆ ಮಾತ್ರ ಕೇಳಿಸಲಿಲ್ಲ, ಫೋನು ಅವನ ಜೇಬಿಗಿಳಿದಿದೆ, ಬಟ್ಟೆ ಉಜ್ಜುವ ಸದ್ದು, ಅಂಗಿಯೋ, ತೋಳೋ, ಏನಕ್ಕೆ ಉಜ್ಜುತ್ತಿದೆಯೋ, ದೂರದಲ್ಲಿ ಒಂದು ಸೀಟಿ, ಎಂಜಿನ್ ಓಡುತ್ತಲೇ ಇದೆ, ಉಗುರು ಸೀಳಿದ ಹೆಬ್ಬೆರಳು, ಟೇಪಿನ ತುದಿ, ಮಡಿಸಿ, ಒತ್ತಿ, ಇನ್ನೊಮ್ಮೆ ಒತ್ತಿ